ಟಿಪ್ಪುವಿಗೆ ಬರಬೇಕಿದ್ದ 15,000 ಸೈನಿಕರು ಮತ್ತು ಟ್ಯಾಲಿರಾಂಡ್ ಎಂಬ ಮಂತ್ರಿ

ಹಳೇಮೈಸೂರು ಓದುಗ

ಎಲ್ಲರಿಗೂ ನಮಸ್ಕಾರ. ನಮ್ಮೂರು ಶ್ರೀರಂಗಪಟ್ಟಣದ ಪಕ್ಕ. ಟಿಪ್ಪು ಬಗ್ಗೆ ಕೈಗೆ ಸಿಕ್ಕಿದ್ದನ್ನೆಲ್ಲ ಓದುವ ಅಭ್ಯಾಸ ಚಿಕ್ಕಂದಿನಿಂದ ಇದೆ. ಅವನ ಮೂವರು ರಾಯಭಾರಿಗಳು ಹಡಗು ಹತ್ತಿ ಫ್ರಾನ್ಸಿಗೆ ಹೋಗಿ, 1788ರ ಆಗಸ್ಟ್ 10ರಂದು ವರ್ಸೇಲ್ಸ್ ಅರಮನೆಯಲ್ಲಿ ಹದಿನಾರನೇ ಲೂಯಿಯನ್ನು ಕಂಡದ್ದು ಇಲ್ಲಿ ಅನೇಕರಿಗೆ ಗೊತ್ತು. ರಾಜ ಮರ್ಯಾದೆ ಮಾಡಿದ, ಸೈನ್ಯ ಕೊಡಲಿಲ್ಲ. ನಾನು ಇವತ್ತು ಹೇಳಹೊರಟಿರುವುದು ಅದರ ಹತ್ತು ವರ್ಷದ ಮೇಲಿನ ಮಾತು.

1798ರ ಫೆಬ್ರವರಿಯಲ್ಲಿ ಫ್ರಾನ್ಸಿನ ವಿದೇಶಾಂಗ ಮಂತ್ರಿ ತನ್ನ ಸರ್ಕಾರಕ್ಕೆ ಒಂದು ವರದಿ ಕೊಟ್ಟ. ಈಜಿಪ್ಟ್ ಹಿಡಿದು, ಅಲ್ಲಿ ಕಾಲೂರಿದ ಮೇಲೆ ಸೂಯೆಜ್‌ನಿಂದ 15,000 ಸೈನಿಕರನ್ನು ಹಿಂದೂಸ್ಥಾನಕ್ಕೆ ಕಳಿಸಿ, ಟಿಪ್ಪುವಿನ ಪಡೆಯೊಂದಿಗೆ ಸೇರಿಸಿ ಇಂಗ್ಲಿಷರನ್ನು ಹೊರಗಟ್ಟುವುದು ಅದರ ಸಾರ. ಬರೆದವನು ಷಾರ್ಲ್ ಮೋರಿಸ್ ದ ಟ್ಯಾಲಿರಾಂಡ್. ಮುಂದೇನಾಯಿತು ಅಂತ ನಮಗೆ ಗೊತ್ತೇ ಇದೆ. ಆಗಸ್ಟ್ 1ರಂದು ಅಬುಕಿರ್ ಕೊಲ್ಲಿಯಲ್ಲಿ ನೆಲ್ಸನ್ ಫ್ರೆಂಚರ ನೌಕಾಪಡೆಯನ್ನು ನುಚ್ಚುನೂರು ಮಾಡಿದ. 1799ರ ಜನವರಿಯಲ್ಲಿ, ಈಜಿಪ್ಟ್ ಹಿಡಿದು ಕೂತಿದ್ದ ನೆಪೋಲಿಯನ್ ಕೈರೋದಿಂದ ಟಿಪ್ಪುವಿಗೆ ಬರೆದ ಪತ್ರ ಬ್ರಿಟಿಷರ ಕೈಗೆ ಸಿಕ್ಕಿತು. ಮೇ 4ಕ್ಕೆ ನಮ್ಮ ಕೋಟೆ ಬಿತ್ತು. ಈಜಿಪ್ಟಿನ ಮೇಲೆ ಹಕ್ಕಿದ್ದ ತುರ್ಕಿ ಸುಲ್ತಾನನನ್ನು ಸಮಾಧಾನ ಮಾಡಲು ಟ್ಯಾಲಿರಾಂಡ್ ಖುದ್ದಾಗಿ ಕಾನ್‌ಸ್ಟಾಂಟಿನೋಪಲ್‌ಗೆ ಹೋಗುವುದೆಂದು ನಿಶ್ಚಯವಾಗಿತ್ತು. ಅವನು ಪ್ಯಾರಿಸ್ ಬಿಟ್ಟು ಕದಲಲಿಲ್ಲ. ತುರ್ಕರು ಫ್ರಾನ್ಸಿನ ಮೇಲೆ ಯುದ್ಧ ಸಾರಿದರು.

ಈ ಸಿಟ್ಟಿನಲ್ಲೇ ನಾನು ಅವನ ಬದುಕು ಓದಲು ಕೂತೆ. ಮೂರು ವರ್ಷವಾಯಿತು, ಇನ್ನೂ ಓದುತ್ತಿದ್ದೇನೆ.

1754ರಲ್ಲಿ ಪ್ಯಾರಿಸ್ಸಿನಲ್ಲಿ ದೊಡ್ಡ ಮನೆತನದಲ್ಲಿ ಹುಟ್ಟಿದವನು. 1789ರ ಜನವರಿಯಲ್ಲಿ ಓತುಂ ಎಂಬ ಊರಿನ ಬಿಷಪ್ ಪಟ್ಟ. ಅದೇ ವರ್ಷ ಅಕ್ಟೋಬರ್ 10ರಂದು ರಾಷ್ಟ್ರಸಭೆಯಲ್ಲಿ ಎದ್ದು ನಿಂತು, ಚರ್ಚಿನ ಆಸ್ತಿಯನ್ನೆಲ್ಲ ರಾಷ್ಟ್ರ ವಶಕ್ಕೆ ತೆಗೆದುಕೊಳ್ಳಬೇಕು ಎಂದ. ಒಬ್ಬ ಬಿಷಪ್ಪನ ಬಾಯಲ್ಲಿ ಈ ಮಾತು! ನವೆಂಬರ್ 2ಕ್ಕೆ ಸಭೆ ಅದನ್ನು ಒಪ್ಪಿತು. ಮರುವರ್ಷ ಜುಲೈ 14ರಂದು ಷಾನ್ ದ ಮಾರ್ಸ್ ಮೈದಾನದಲ್ಲಿ, ಸುರಿಯುವ ಮಳೆಯಲ್ಲಿ, ಕ್ರಾಂತಿಯ ಮೊದಲ ವಾರ್ಷಿಕೋತ್ಸವದ ಪೂಜೆ ನಡೆಸಿಕೊಟ್ಟವನೂ ಅವನೇ. ದೇಶಕ್ಕೆಲ್ಲ ಒಂದೇ ಅಳತೆ, ಒಂದೇ ತೂಕ ಇರಬೇಕೆಂದು 1790ರಲ್ಲಿ ಸಭೆಯ ಮುಂದೆ ಪ್ರಸ್ತಾಪ ತಂದ. ನಾವು ಇವತ್ತು ಅಂಗಡಿಯಲ್ಲಿ ಕೇಳುವ ಮೀಟರು, ಕಿಲೋಗಳ ದಾರಿ ಶುರುವಾಗುವುದು ಅಲ್ಲಿಂದ.

1792ರ ಸೆಪ್ಟೆಂಬರಿನಲ್ಲಿ, ಪ್ಯಾರಿಸ್ಸಿನ ಜೈಲುಗಳಲ್ಲಿ ಕಗ್ಗೊಲೆ ನಡೆದ ಬೆನ್ನಲ್ಲೇ, ಕ್ರಾಂತಿಯ ನಾಯಕ ಡಾಂಟನ್ ಕಡೆಯಿಂದ ಪಾಸ್‌ಪೋರ್ಟ್ ಪಡೆದು ಲಂಡನ್ ಸೇರಿದ. ಡಿಸೆಂಬರಿನಲ್ಲಿ ಪ್ಯಾರಿಸ್ಸಿನಲ್ಲಿ ಅವನ ಮೇಲೆ ದ್ರೋಹದ ಆರೋಪ ಹೊರಿಸಿದರು. 1794ರಲ್ಲಿ ಇಂಗ್ಲೆಂಡೂ ಹೊರಗೆ ಹಾಕಿತು. ಎರಡು ವರ್ಷ ಅಮೆರಿಕದಲ್ಲಿದ್ದು 1796ರಲ್ಲಿ ವಾಪಸು ಬಂದ, 1797ರ ಜುಲೈಗೆ ವಿದೇಶಾಂಗ ಮಂತ್ರಿಯಾದ. ಆಮೇಲೆ ನೆಪೋಲಿಯನ್ ಕೈಕೆಳಗೆ ಅದೇ ಹುದ್ದೆ. 1814ರಲ್ಲಿ ಅದೇ ನೆಪೋಲಿಯನ್‌ನನ್ನು ಇಳಿಸಿದ ತಾತ್ಕಾಲಿಕ ಸರ್ಕಾರಕ್ಕೆ ಅಧ್ಯಕ್ಷ. ಆಮೇಲೆ ಹದಿನೆಂಟನೇ ಲೂಯಿಯ ಮಂತ್ರಿ. 1830ರಲ್ಲಿ ಮತ್ತೊಂದು ಕ್ರಾಂತಿಯಾದಾಗ ಲೂಯಿ ಫಿಲಿಪ್ಪನ ರಾಯಭಾರಿಯಾಗಿ ಲಂಡನ್ನಿಗೆ ಹೊರಟ. ಆಗ ವಯಸ್ಸು 76.

ಇಷ್ಟು ಕೇಳಿದವರೆಲ್ಲ "ಗಾಳಿ ಬಂದಾಗ ತೂರಿಕೊಂಡವನು" ಅನ್ನುತ್ತಾರೆ. ನಾನೂ ಅಂದಿದ್ದೆ. ಈಗ ಹಾಗನ್ನಿಸುತ್ತಿಲ್ಲ. 1792ರ ನವೆಂಬರಿನಲ್ಲಿ ಲಂಡನ್ನಿನಿಂದ ಅವನು ಪ್ಯಾರಿಸ್ಸಿಗೆ ಒಂದು ಟಿಪ್ಪಣಿ ಬರೆದ: ದೇಶದ ನಿಜವಾದ ಸಂಪತ್ತು ತನ್ನ ನೆಲವನ್ನು ಚೆನ್ನಾಗಿ ನೋಡಿಕೊಳ್ಳುವುದರಲ್ಲಿದೆ, ಪರರ ನೆಲ ಕಬಳಿಸುವುದರಲ್ಲಿ ಅಲ್ಲ, ಫ್ರಾನ್ಸ್ ತನ್ನ ಗಡಿಯೊಳಗೇ ಇರಲಿ ಅಂತ. 1805ರ ಅಕ್ಟೋಬರಿನಲ್ಲಿ ಸ್ಟ್ರಾಸ್‌ಬುರ್ಗ್‌ನಿಂದ ನೆಪೋಲಿಯನ್‌ಗೆ ಬರೆದ ಪತ್ರದಲ್ಲೂ ಇದೇ ಧ್ವನಿ. ಆಸ್ಟ್ರಿಯಾವನ್ನು ಸೋಲಿಸಿದ್ದಾಯಿತು, ಇನ್ನು ತುಳಿಯಬೇಡಿ, ಇಟಲಿಯಲ್ಲಿ ಕಳೆದುಕೊಂಡದ್ದಕ್ಕೆ ಬದಲಾಗಿ ಡ್ಯಾನ್ಯೂಬ್ ನದಿಯ ಕೆಳಗಿನ ಸೀಮೆ ಕೊಟ್ಟು ಗೆಳೆಯನನ್ನಾಗಿ ಮಾಡಿಕೊಳ್ಳಿ, ರಷ್ಯಾಕ್ಕೆ ಅಡ್ಡಗೋಡೆಯಾಗುತ್ತದೆ ಎಂದ. ನೆಪೋಲಿಯನ್ ಕೇಳಲಿಲ್ಲ. ಡಿಸೆಂಬರಿನಲ್ಲಿ ಆಸ್ಟರ್ಲಿಟ್ಜ್ ಗೆದ್ದ ಮೇಲಂತೂ ಕೇಳುವ ಸ್ಥಿತಿಯಲ್ಲೇ ಇರಲಿಲ್ಲ. 1807ರ ಆಗಸ್ಟಿನಲ್ಲಿ ಟ್ಯಾಲಿರಾಂಡ್ ಮಂತ್ರಿಗಿರಿ ಬಿಟ್ಟ.

ಯಜಮಾನರು ಬದಲಾದರು, ಅವನ ಮಾತು ಬದಲಾಗಲಿಲ್ಲ. ಇದು ನನ್ನ ವಾದ. ನೀವೇನಂತೀರಿ?

ಧಾರವಾಡ ವಕೀಲ

ನಾ ಒಪ್ಪಂಗಿಲ್ರೀ ಸರ್. ನೀವು ಭಾಳ ಪ್ರೀತಿಯಿಂದ ಬರದೀರಿ, ಅದಕ್ಕ ಸಿಟ್ಟು ಮಾಡಕೋಬ್ಯಾಡ್ರಿ. ಆದ್ರ ರೊಕ್ಕದ ವಿಚಾರ ಒಂದು ಸಾಲಿನಾಗೂ ಬರಲಿಲ್ಲಲ್ಲ?

1797ರಾಗ ಅಮೆರಿಕದಿಂದ ಮೂರು ಮಂದಿ ದೂತರು ಪ್ಯಾರಿಸ್ಸಿಗೆ ಬಂದ್ರು. ಪಿಂಕ್ನಿ, ಮಾರ್ಷಲ್, ಗೆರಿ. ಟ್ಯಾಲಿರಾಂಡ್ ಮಂತ್ರಿ ಆಗಿ ಇನ್ನೂ ನಾಕು ತಿಂಗಳು ಆಗಿರಲಿಲ್ಲ. ಅವನ ಕಡೆ ಮಂದಿ ಬಂದು, ಮಾತುಕತಿ ಶುರು ಆಗಬೇಕಂದ್ರ ಮೊದಲು ಸುಮಾರು 50,000 ಪೌಂಡ್ ಕೊಡ್ರಿ, ಮ್ಯಾಲೆ ಫ್ರಾನ್ಸಿಗೆ ದೊಡ್ಡ ಸಾಲನೂ ಕೊಡ್ರಿ ಅಂದ್ರು. 1798ರಾಗ ಅಧ್ಯಕ್ಷ ಆಡಮ್ಸ್ ಆ ಕಾಗದಪತ್ರ ಎಲ್ಲಾ ಬಯಲು ಮಾಡಿದ. ಮಧ್ಯವರ್ತಿಗಳ ಹೆಸರು ಮುಚ್ಚಿ ಎಕ್ಸ್, ವೈ, ಝಡ್ ಅಂತ ಹಾಕಿದ್ದಕ್ಕ ಆ ಹಗರಣಕ್ಕ ಅದೇ ಹೆಸರು ನಿಂತತು. ಎರಡೂ ದೇಶದ ಹಡಗುಗಳು ಸಮುದ್ರದಾಗ ಬಡಿದಾಡೋ ತನಕ ಹೋತು. ಒಬ್ಬನ ಕಿಸೆ ತುಂಬಲಿಕ್ಕೆ!

ಇರಲಿ, ಆ ಕಾಲಕ್ಕ ಎಲ್ಲಾರೂ ತಿಂತಿದ್ರು ಅಂತ ಹೇಳಬಹುದು. 1808ಕ್ಕ ಬರ್ರಿ. ಎರ್ಫರ್ಟ್ ಊರಾಗ ನೆಪೋಲಿಯನ್, ರಷ್ಯಾದ ಝಾರ್ ಅಲೆಕ್ಸಾಂಡರ್ ಕೂಡಿದ್ರು. ಆಸ್ಟ್ರಿಯಾದ ಮ್ಯಾಲೆ ರಷ್ಯಾ ನಮ್ಮ ಬೆನ್ನಿಗೆ ನಿಲ್ಲೋ ಹಂಗ ಮಾಡು ಅಂತ ನೆಪೋಲಿಯನ್ ಇವನನ್ನ ಕರಕೊಂಡು ಹೋಗಿದ್ದ. ಇವ ಏನು ಮಾಡಿದ? ಹಗಲೆಲ್ಲ ತನ್ನ ದೊರಿ ಕಡೆ ಕೂತು, ಸಂಜಿ ಆದ ಮ್ಯಾಲೆ ರಾಜಕುಮಾರಿ ತುರ್ನ್ ಉಂಡ್ ಟಾಕ್ಸಿಸ್ ಮನಿಯಾಗ ಝಾರನ್ನ ಕಂಡು, ನೀವು ನೆಪೋಲಿಯನ್ ಮಾತಿಗೆ ಬಗ್ಗಬ್ಯಾಡ್ರಿ, ಯುರೋಪನ್ನ ಉಳಸೋದು ನಿಮ್ಮ ಕೈಯಾಗೈತಿ ಅಂದ. ಮುಂದಿನ ವರ್ಷ ಆಸ್ಟ್ರಿಯಾ ಯುದ್ಧಕ್ಕ ನಿಂತಾಗ ರಷ್ಯಾ ಹೆಸರಿಗಷ್ಟ ಕೈ ಜೋಡಿಸ್ತು. ಮೆಟರ್ನಿಕ್ ಆಗ ಪ್ಯಾರಿಸ್ಸಿನಾಗ ಆಸ್ಟ್ರಿಯಾದ ರಾಯಭಾರಿ. ಅವನಿಗೆ ಟ್ಯಾಲಿರಾಂಡ್ ಸುದ್ದಿ ಕೊಟ್ಟ, ಅದಕ್ಕ ರೊಕ್ಕ ಇಸಕೊಂಡ. ಮೆಟರ್ನಿಕ್ ತನ್ನ ವರದಿಯಾಗ ಇವನನ್ನ ಎಕ್ಸ್ ಅಂತ ಕರದಾನ. ಅದೇ ಅಕ್ಷರ ನೋಡ್ರಿ.

ನಾ ಮೂವತ್ತು ವರ್ಷ ಕೋರ್ಟಿನಾಗ ನಿಂತೀನಿ. ಕಕ್ಷಿದಾರಗ "ನೀನು ಮಾಡೋದು ತಪ್ಪು" ಅಂತ ಹೇಳೋದು ವಕೀಲನ ಧರ್ಮ. ಅವ ಕೇಳಲಿಲ್ಲಂದ್ರ ವಕಾಲತ್ತು ವಾಪಸ್ ತಗೋಬಹುದು. ಎದುರು ಪಾರ್ಟಿ ಕಡೆಯಿಂದ ಫೀ ಇಸಕೊಂಡು ಫೈಲ್ ಕೊಟ್ಟು ಬರಾಕ ಬರಂಗಿಲ್ಲ. ಅವನ ಸಲಹೆ ಖರೇ ಇತ್ತು ಅನ್ನೋದರಿಂದ ಆ ಕೆಲಸ ಖರೇ ಆಗಂಗಿಲ್ಲ. 1809ರ ಯುದ್ಧದಾಗ ಸತ್ತ ಫ್ರೆಂಚ್ ಹುಡುಗರ ತಾಯಂದಿರಿಗೆ ಏನು ಹೇಳ್ತೀರಿ?

ಪುಟ್ಟ ಹೆಜ್ಜೆ

ಚರ್ಚೆಯ ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ನಾನು ಮಕ್ಕಳ ಫಿಸಿಯೋಥೆರಪಿಸ್ಟ್, ಇತಿಹಾಸದವಳಲ್ಲ. ಈ ಮನುಷ್ಯನ ಹೆಸರು ನನಗೆ ಗೊತ್ತಾಗಿದ್ದು ಅವನ ಕಾಲಿನಿಂದ.

ಅವನ ಬಲಗಾಲು ಸೊಟ್ಟ. ಕೂಸಾಗಿದ್ದಾಗ ಸಾಕುತ್ತಿದ್ದ ದಾದಿ ಬೀರುವಿನ ಮೇಲಿಂದ ಬೀಳಿಸಿದಳು ಎಂದು ಅವನೇ ಬರೆದುಕೊಂಡಿದ್ದಾನೆ. ಈಗಿನವರು ಹೆಚ್ಚಾಗಿ ಹೇಳುವುದು ಅದು ಹುಟ್ಟಿನಿಂದ ಬಂದ ಕ್ಲಬ್‌ಫುಟ್ ಅಂತ. ವಾಲಾನ್ಸೆಯಲ್ಲಿರುವ ಅವನ ಬಂಗಲೆಯಲ್ಲಿ ಅವನ ಬೂಟು ಇಟ್ಟಿದ್ದಾರೆ. ಅದರ ಫೋಟೋ ನೋಡಿ ನನಗೆ ತುಂಬ ಹೊತ್ತು ಬೇರೆ ಕೆಲಸ ಮಾಡಲಾಗಲಿಲ್ಲ. ದುಂಡನೆಯ ದಪ್ಪ ಚರ್ಮದ ಬೂಟು, ಅದಕ್ಕೆ ಕಬ್ಬಿಣದ ಪಟ್ಟಿ, ಅದು ಮೊಣಕಾಲಿನ ತನಕ ಏರಿ ಬೆಲ್ಟಿನಿಂದ ಬಿಗಿಯಬೇಕು. ಇವತ್ತು ಇಂಥ ಮಗು ಹುಟ್ಟಿದರೆ ಮೊದಲ ವಾರಗಳಲ್ಲೇ ಪ್ಲಾಸ್ಟರ್ ಶುರು ಮಾಡುತ್ತೇವೆ. ವಾರಕ್ಕೊಮ್ಮೆ ಬಿಚ್ಚಿ ಸ್ವಲ್ಪ ಸ್ವಲ್ಪ ತಿರುಗಿಸಿ ಮತ್ತೆ ಹಾಕುತ್ತೇವೆ, ಬಹಳಷ್ಟು ಮಕ್ಕಳು ಓಡಾಡುತ್ತಾರೆ. ಅವನು 84 ವರ್ಷ ಆ ಕಬ್ಬಿಣ ಎಳೆದುಕೊಂಡೇ ನಡೆದ.

ಕಾಲಿನಿಂದಾಗಿ ಸೈನ್ಯಕ್ಕೆ ಹೋಗಲಾಗದು ಎಂದು ಹೆತ್ತವರು ಹಿರಿಯ ಮಗನ ಹಕ್ಕನ್ನು ತಮ್ಮನಿಗೆ ಕೊಟ್ಟು ಇವನನ್ನು ಚರ್ಚಿಗೆ ಹಾಕಿದರು. ಅವನಿಗೆ ಬೇಡವಾಗಿತ್ತು. ಬಿಷಪ್ ಆಗಿ ಚರ್ಚಿನ ಆಸ್ತಿಗೇ ಕೈ ಹಾಕಿದ್ದನ್ನು ಓದುವಾಗ ನನಗೆ ಆ ಹುಡುಗ ನೆನಪಾಗುತ್ತಾನೆ.

ಇನ್ನೊಂದು ದೃಶ್ಯ. 1809ರ ಜನವರಿ 28. ಟ್ಯಾಲಿರಾಂಡ್ ಮತ್ತು ಪೊಲೀಸ್ ಮಂತ್ರಿ ಫೂಶೆ ಕೈಕೈ ಹಿಡಿದು ಓಡಾಡಿದರಂತೆ ಎಂಬ ಸುದ್ದಿ ಕೇಳಿ ನೆಪೋಲಿಯನ್ ಸ್ಪೇನಿನಿಂದ ಧಾವಿಸಿ ಬಂದಿದ್ದ. ಎಲ್ಲರೆದುರು ಕಳ್ಳ, ಹೇಡಿ ಎಂದು ಬೈದ. ರೇಷ್ಮೆ ಕಾಲುಚೀಲದಲ್ಲಿ ತುಂಬಿದ ಹೇಲು ಎಂದ. ಅಷ್ಟು ಹೊತ್ತೂ ಟ್ಯಾಲಿರಾಂಡ್ ಪಕ್ಕದ ಮೇಜಿಗೆ ಒರಗಿ ಸುಮ್ಮನೆ ನಿಂತಿದ್ದ. ಅದನ್ನು ಅವನ ಗತ್ತು ಅಂತ ಬರೆಯುತ್ತಾರೆ. ಆ ಕಾಲಿನಲ್ಲಿ ಒರಗದೆ ನಿಲ್ಲಲು ಸಾಧ್ಯವೇ ಇಲ್ಲ ಎನ್ನುವುದು ನನ್ನ ಕಣ್ಣಿಗೆ ಮೊದಲು ಕಾಣುತ್ತದೆ. ಹೊರಬಂದು ಅವನು ಹೇಳಿದ್ದು ಇಷ್ಟೇ ಅಂತೆ: ಅಂಥ ದೊಡ್ಡ ಮನುಷ್ಯನಿಗೆ ನಡತೆ ಕಲಿಸದೆ ಬೆಳೆಸಿದ್ದಾರಲ್ಲ, ಅಯ್ಯೋ.

ವಕೀಲರೇ, ನೀವು ಹೇಳಿದ್ದನ್ನು ಅಲ್ಲಗಳೆಯುತ್ತಿಲ್ಲ.

ಕಾವೇರಿ ಕಡಲ್ತೀರ

ನಾನಿರುವುದು ತಮಿಳುನಾಡಿನ ಮೈಲಾಡುತುರೈ ಕಡೆ. ನಮಗೆ ಹತ್ತಿರದ ತರಂಗಂಬಾಡಿ, ಡೇನಿಷರ ಕೋಟೆ ಇರುವ ಊರು, ಟ್ಯಾಲಿರಾಂಡ್‌ನ ಹೆಂಡತಿ ಕ್ಯಾಥರಿನ್ ಹುಟ್ಟಿದ ಊರು. ಹುಟ್ಟಿದ್ದು 1762ರಲ್ಲಿ. ಹದಿನೈದು ತುಂಬುವುದರೊಳಗೆ ಈಸ್ಟ್ ಇಂಡಿಯಾ ಕಂಪನಿಯ ಗ್ರ್ಯಾಂಡ್ ಎಂಬ ನೌಕರನ ಜೊತೆ ಮದುವೆ, ಕಲ್ಕತ್ತೆಯಲ್ಲಿ ಸಂಸಾರ. ವಾರನ್ ಹೇಸ್ಟಿಂಗ್ಸ್‌ನ ಬದ್ಧ ವೈರಿ ಫಿಲಿಪ್ ಫ್ರಾನ್ಸಿಸ್ 1778ರ ಒಂದು ರಾತ್ರಿ ಏಣಿ ಹಾಕಿ ಅವಳ ಮನೆಗೆ ನುಗ್ಗಿದ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿ, ಗಂಡನಿಗೆ 50,000 ಸಿಕ್ಕಾ ರೂಪಾಯಿ ಪರಿಹಾರ ಕೊಡಬೇಕೆಂದು ತೀರ್ಪಾಯಿತು. ಅವಳ ಬದುಕು ಮಾತ್ರ ಅಲ್ಲಿಗೆ ಮುರಿಯಿತು. 1802ರ ಸೆಪ್ಟೆಂಬರಿನಲ್ಲಿ ಟ್ಯಾಲಿರಾಂಡ್‌ನನ್ನು ಮದುವೆಯಾದಳು. ನೆಪೋಲಿಯನ್ ಒತ್ತಾಯವಿತ್ತು. ಮದುವೆಯಾಗು, ಇಲ್ಲವೇ ಅವಳನ್ನು ಮನೆಯಿಂದ ಕಳಿಸು ಎಂದಿದ್ದ. ಅವಳನ್ನು ದಡ್ಡಿ ಎಂದು ಪ್ಯಾರಿಸ್ಸಿನವರು ಕಟ್ಟಿದ ಕತೆಗಳನ್ನು ಇವತ್ತಿಗೂ ಜನ ಹಾಗೇ ಒಪ್ಪಿಸುತ್ತಾರೆ. ದಯವಿಟ್ಟು ಇಲ್ಲಿ ಯಾರೂ ಅದನ್ನು ಮಾಡಬೇಡಿ.

ಹಳೇಮೈಸೂರು ಓದುಗ

ಮೇಡಂ, ಆ ಬೂಟಿನ ವಿಷಯ ಬರೆದಿದ್ದಕ್ಕೆ ಕೃತಜ್ಞ. ನಾನು ಅದನ್ನು ಬರೀ ಒಂದು ವಿವರ ಅಂತ ದಾಟಿ ಹೋಗಿದ್ದೆ.

ವಕೀಲರೇ, ರೊಕ್ಕದ ವಿಷಯ ಬಿಟ್ಟದ್ದು ನನ್ನ ತಪ್ಪು, ಒಪ್ಪಿದೆ. ಆದರೆ ಎರ್ಫರ್ಟನ್ನೂ ಆಸ್ಟ್ರಿಯಾದ ಹಣವನ್ನೂ ಒಂದೇ ತಕ್ಕಡಿಗೆ ಹಾಕಬೇಡಿ ಎನ್ನುತ್ತೇನೆ. ಅಷ್ಟರಲ್ಲಿ ನೆಪೋಲಿಯನ್ ಸ್ಪೇನಿನ ರಾಜನನ್ನು ಬಯೋನ್‌ಗೆ ಕರೆಸಿ ಕಿರೀಟ ಕಿತ್ತುಕೊಂಡು ತನ್ನ ಅಣ್ಣನ ತಲೆಗೆ ಇಟ್ಟಾಗಿತ್ತು. ಸ್ಪೇನಿನ ರಾಜಕುಮಾರರನ್ನು ಟ್ಯಾಲಿರಾಂಡ್‌ನದೇ ವಾಲಾನ್ಸೆ ಬಂಗಲೆಯಲ್ಲಿ ಸೆರೆ ಇಟ್ಟಿದ್ದ. ಎದುರು ಮಾತಾಡಲು ಸಂಸತ್ತಿಲ್ಲ, ಪತ್ರಿಕೆಯಿಲ್ಲ. ರಾಜೀನಾಮೆ ಕೊಟ್ಟು ಒಂದು ವರ್ಷವಾಗಿದ್ದರೂ ಏನೂ ನಿಂತಿರಲಿಲ್ಲ. ಇಂಥ ಕಡೆ ಒಬ್ಬ ಮಂತ್ರಿಯ ನಿಷ್ಠೆ ದೊರೆಗೋ, ದೇಶಕ್ಕೋ? ನಿಮ್ಮ ಕೋರ್ಟಿನಲ್ಲಿ ಕಕ್ಷಿದಾರ ಒಬ್ಬನೇ. ಇಲ್ಲಿ ಮೂರು ಕೋಟಿ ಜನ ಇದ್ದರು.

ವಿಯೆನ್ನಾದಲ್ಲಿ ಅವನು ಮಾಡಿದ ಕೆಲಸವನ್ನಂತೂ ಯಾವ ಹಣಕ್ಕೂ ಕಟ್ಟಲಾಗದು. 1814ರ ಸೆಪ್ಟೆಂಬರಿನಲ್ಲಿ ಅಲ್ಲಿಗೆ ಹೋದಾಗ ಅವನು ಸೋತ ದೇಶದ ಪ್ರತಿನಿಧಿ. ಬ್ರಿಟನ್, ಆಸ್ಟ್ರಿಯಾ, ರಷ್ಯಾ, ಪ್ರಷ್ಯಾ ಸೇರಿ ಎಲ್ಲ ತೀರ್ಮಾನ ಮಾಡಿ ಫ್ರಾನ್ಸಿಗೆ ತಿಳಿಸುವುದು ಎಂದು ಏರ್ಪಾಡು. ಸೆಪ್ಟೆಂಬರ್ 30ರಂದು ಮೆಟರ್ನಿಕ್ ಮನೆಯಲ್ಲಿ ಅವನ ಮುಂದೆ ಕರಡು ಇಟ್ಟರು. ಅದರಲ್ಲಿ "ಮಿತ್ರರಾಷ್ಟ್ರಗಳು" ಎಂಬ ಪದವಿತ್ತು. ಅವನು ಅಲ್ಲೇ ನಿಲ್ಲಿಸಿದ. ಯಾರ ವಿರುದ್ಧ ಮಿತ್ರರು? ನೆಪೋಲಿಯನ್ ಎಲ್ಬಾ ದ್ವೀಪದಲ್ಲಿದ್ದಾನೆ. ಫ್ರಾನ್ಸಿನ ರಾಜನ ಜೊತೆ ಮೇ 30ರಂದು ನೀವೇ ಶಾಂತಿ ಒಪ್ಪಂದ ಮಾಡಿಕೊಂಡಿದ್ದೀರಿ. ಇನ್ನೂ ಯುದ್ಧ ನಡೆಯುತ್ತಿದೆಯೇ? ನಡೆಯುತ್ತಿದ್ದರೆ ನನ್ನನ್ನೇಕೆ ಕರೆದಿರಿ? ಉತ್ತರ ಹುಟ್ಟಲಿಲ್ಲ. ಕರಡನ್ನು ಹಿಂದಕ್ಕೆ ತೆಗೆದುಕೊಂಡರು. ಸೈನ್ಯವಿಲ್ಲ, ಬೆದರಿಕೆಯಿಲ್ಲ, ಒಂದು ಪದದ ಮೇಲೆ ಬೆರಳಿಟ್ಟು ಬಾಗಿಲು ತೆಗೆಸಿದ. ಎಷ್ಟು ಸಲ ಓದಿದರೂ ಮೈ ಜುಮ್ಮೆನ್ನುತ್ತದೆ.

1815ರ ಜನವರಿ 3ಕ್ಕೆ, ಸ್ಯಾಕ್ಸನಿ ಮತ್ತು ಪೋಲೆಂಡ್ ಹಂಚಿಕೆಯಲ್ಲಿ ರಷ್ಯಾ, ಪ್ರಷ್ಯಾ ಒಂದು ಕಡೆಯಾದಾಗ, ಬ್ರಿಟನ್ನಿನ ಕ್ಯಾಸಲ್‌ರೇ, ಆಸ್ಟ್ರಿಯಾದ ಮೆಟರ್ನಿಕ್ ಇವನೊಂದಿಗೆ ಗುಪ್ತ ಒಪ್ಪಂದಕ್ಕೆ ಸಹಿ ಹಾಕಿದರು. ಒಂಬತ್ತು ತಿಂಗಳ ಹಿಂದೆ ಫ್ರಾನ್ಸನ್ನು ಸೋಲಿಸಿದ ನಾಲ್ವರಲ್ಲಿ ಇಬ್ಬರು ಈಗ ಫ್ರಾನ್ಸಿನ ಪಕ್ಕ.

ಈ ಮಧ್ಯೆ ಮಾರ್ಚಿನಲ್ಲಿ ನೆಪೋಲಿಯನ್ ಎಲ್ಬಾದಿಂದ ತಪ್ಪಿಸಿಕೊಂಡು ಬಂದ. ಓಡಿಹೋದ ರಾಜನ ಕಡೆಯವರು ಆ ಗುಪ್ತ ಒಪ್ಪಂದದ ಪ್ರತಿಯನ್ನು ಪ್ಯಾರಿಸ್ಸಿನಲ್ಲೇ ಬಿಟ್ಟು ಹೋಗಿದ್ದರು. ನೆಪೋಲಿಯನ್ ಅದನ್ನು ಝಾರನಿಗೆ ಕಳಿಸಿದ. ಆಮೇಲೆ ವಾಟರ್ಲೂ. 1814ರಲ್ಲಿ ಫ್ರಾನ್ಸಿಗೆ ಸಿಕ್ಕಿದ್ದು 1792ರ ಗಡಿ, ದಂಡವಿಲ್ಲ. ವಾಟರ್ಲೂ ಆದ ಮೇಲಿನ ಒಪ್ಪಂದದಲ್ಲಿ 1790ರ ಗಡಿ, 70 ಕೋಟಿ ಫ್ರಾಂಕ್ ದಂಡ, ನೆಲದ ಮೇಲೆ ಪರಸೈನ್ಯ. ದೇಶಕ್ಕೆ ಯಾರಿಂದ ಎಷ್ಟು ನಷ್ಟವಾಯಿತು ಎಂದು ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ತುಂಗಾತೀರ

ಒಂದೇ ಪ್ರಶ್ನೆ. ಫ್ರಾನ್ಸಿನ ಹಳೆಯ ರಾಜಮನೆತನದ ದ್ಯೂಕ್ ದಾಂಗಿಯಾನ್? 1804ರ ಮಾರ್ಚಿನಲ್ಲಿ ಬಾಡೆನ್ ಎಂಬ ಬೇರೆ ರಾಜ್ಯದ ಗಡಿ ದಾಟಿ, ರಾತ್ರೋರಾತ್ರಿ ಮನೆಯಿಂದ ಎಳೆದು ತಂದು, 21ರ ಬೆಳಗಿನ ಜಾವ ವಾನ್ಸೆನ್ ಕೋಟೆಯ ಕಂದಕದಲ್ಲಿ ಗುಂಡಿಕ್ಕಿದರು. 31 ವರ್ಷದ ಹುಡುಗ. ವಿದೇಶಾಂಗ ಮಂತ್ರಿ ಯಾರು?

ಹಳೇಮೈಸೂರು ಓದುಗ

ಅವನೇ. ನೆಪೋಲಿಯನ್‌ಗೆ ಸಲಹೆ ಕೊಟ್ಟವರಲ್ಲೂ ಅವನಿದ್ದ. ಬಾಡೆನ್ ಸರ್ಕಾರಕ್ಕೆ ಸಮಜಾಯಿಷಿ ಪತ್ರ ಬರೆದವನೂ ಅವನೇ. 1814ರಲ್ಲಿ ಅಧಿಕಾರ ಕೈಗೆ ಬಂದೊಡನೆ ಆ ಕಡತಗಳನ್ನು ಸುಡಿಸಿದ. ಇದಕ್ಕೆ ನನ್ನ ಬಳಿ ಸಮರ್ಥನೆ ಇಲ್ಲ. ಹುಡುಕುವುದೂ ಇಲ್ಲ.

ಧಾರವಾಡ ವಕೀಲ

ಇಷ್ಟು ಪ್ರಾಮಾಣಿಕವಾಗಿ ಒಪ್ಪಿಕೊಂಡ್ರಲ್ಲ, ನಿಮಗ ನಮಸ್ಕಾರ ಸರ್. ವಿಯೆನ್ನಾದ ಮಾತು ನಾನೂ ಒಪ್ಪತೀನಿ. ಆ "ಮಿತ್ರರಾಷ್ಟ್ರ" ಅನ್ನೋ ಶಬ್ದ ಹಿಡದು ವಾದ ಮಾಡಿದ್ದು ಪ್ರತಿ ವಕೀಲ ಓದಬೇಕು.

ಆದ್ರ "ಬ್ಯಾರೆ ದಾರಿ ಇರಲಿಲ್ಲ" ಅಂತೀರಲ್ಲ, ಅದಕ್ಕ ಒಂದು ಹೆಸರು ಹೇಳ್ತೀನಿ. ಲಾಝಾರ್ ಕಾರ್ನೋ. ಇವನಿಗಿಂತ ಒಂದು ವರ್ಷಕ್ಕ ದೊಡ್ಡವ, ಟ್ಯಾಲಿರಾಂಡ್ ಬಿಷಪ್ ಆಗಿದ್ದ ಓತುಂ ಊರಾಗ ಓದಿದವ. ಸೈನ್ಯದ ಎಂಜಿನಿಯರ್. 1793ರಾಗ ಹದಿನಾಲ್ಕು ಸೈನ್ಯ ಕಟ್ಟಿ ಕ್ರಾಂತಿಯ ಫ್ರಾನ್ಸನ್ನ ಉಳಿಸಿದ ಅಂತ ಜನ ಅವನನ್ನ ಗೆಲುವಿನ ಶಿಲ್ಪಿ ಅಂತಿದ್ರು. ನೆಪೋಲಿಯನ್ ಕೈಕೆಳಗ ಕೆಲವು ತಿಂಗಳು ಯುದ್ಧಮಂತ್ರಿ ಆಗಿದ್ದ. 1802ರಾಗ ನೆಪೋಲಿಯನ್‌ನನ್ನ ಆಜೀವ ಕಾನ್ಸಲ್, ಅಂದ್ರ ಸಾಯೋತನಕ ದೇಶದ ಮುಖ್ಯಸ್ಥ, ಮಾಡೋದಕ್ಕ ವಿರುದ್ಧ ಮತ ಹಾಕಿದ. 1804ರಾಗ ಚಕ್ರವರ್ತಿ ಆಗ್ತೀನಂದಾಗ ತ್ರಿಬ್ಯುನಾ ಸಭಾದಾಗ ಎದ್ದು ನಿಂತು, ಎಲ್ಲಾರೆದುರು, ಬ್ಯಾಡ ಅಂದ. ಮುಂದ ಮನಿಯಾಗ ಕೂತು ಗಣಿತ, ಕೋಟೆ ಕಟ್ಟೋ ವಿದ್ಯಾ ಅಂತ ಬರಕೋತ ಇದ್ದ. ಯಾರಿಗೂ ಸುದ್ದಿ ಮಾರಲಿಲ್ಲ. 1814ರ ಜನವರಿಯಾಗ ಪರದೇಶದ ಸೈನ್ಯ ಫ್ರಾನ್ಸಿನ ನೆಲಕ್ಕ ಕಾಲಿಟ್ಟಾಗ, 60 ವರ್ಷದ ಆ ಮನುಷ್ಯ ತಾನ ಪತ್ರ ಬರದು ಸೇವಾಕ್ಕ ಬರ್ತೀನಿ ಅಂದ. ನೆಪೋಲಿಯನ್ ಆಂಟ್‌ವರ್ಪ್ ಕೋಟೆ ಒಪ್ಪಿಸಿದ. ಕಡೀತನಕ ಬಿಟ್ಟುಕೊಡಲಿಲ್ಲ.

ಅದೇ ಮಾರ್ಚ್ 31ಕ್ಕ ಝಾರ್ ಪ್ಯಾರಿಸ್ಸಿಗೆ ಬಂದು ಇಳಕೊಂಡಿದ್ದು ಸೇಂಟ್ ಫ್ಲೋರಾಂತಿನ್ ಬೀದಿಯ ಟ್ಯಾಲಿರಾಂಡ್ ಮನಿಯಾಗ. ಎರಡೂ ಮನುಷ್ಯರು ನೆಪೋಲಿಯನ್ ತಪ್ಪು ಮಾಡ್ತಾನ ಅಂತ ಕಂಡಿದ್ರು. ಒಬ್ಬ ಮುಖದ ಮ್ಯಾಲೆ ಹೇಳಿದ. ಕಾರ್ನೋ 1823ರಾಗ ದೇಶಭ್ರಷ್ಟ ಆಗಿ ಮಾಗ್ಡೆಬುರ್ಗಿನಾಗ ತೀರಿಕೊಂಡ.

ಪುಟ್ಟ ಹೆಜ್ಜೆ

ಕಾರ್ನೋ ಬಗ್ಗೆ ಗೊತ್ತೇ ಇರಲಿಲ್ಲ. ಕಣ್ಣು ತೇವವಾಯಿತು ವಕೀಲರೇ.

ಹಳೇಮೈಸೂರು ಓದುಗ

ಕಾರ್ನೋ ನನಗೂ ಪೂಜ್ಯ. ಅವನು ಆಂಟ್‌ವರ್ಪ್ ಕಾದ, ಆದರೆ ಶಾಂತಿಯ ಮೇಜಿನಲ್ಲಿ ಆಂಟ್‌ವರ್ಪ್ ಹೋಯಿತು. ಉಳಿದ ಫ್ರಾನ್ಸನ್ನು ಆ ಮೇಜಿನಲ್ಲಿ ಉಳಿಸಲು ಬೇರೆ ಥರದ ಮನುಷ್ಯ ಬೇಕಾಯಿತು. ಹಾಗಂತ ಇಬ್ಬರಲ್ಲಿ ಯಾರ ಮನೆಗೆ ಊಟಕ್ಕೆ ಹೋಗುತ್ತೀಯ ಎಂದು ಕೇಳಿದರೆ ಕಾರ್ನೋ ಮನೆಗೇ ಹೋಗುತ್ತೇನೆ.

ಅದೇ ಆಂಟ್‌ವರ್ಪ್ ಸೀಮೆಯೇ ಟ್ಯಾಲಿರಾಂಡ್‌ನ ಕೊನೆಯ ಕೆಲಸವೂ ಆಯಿತು. 1830ರಲ್ಲಿ ಬೆಲ್ಜಿಯಂ ಡಚ್ಚರ ವಿರುದ್ಧ ಎದ್ದಾಗ, ಆ ನಾಡನ್ನು ಫ್ರಾನ್ಸಿಗೆ ಸೇರಿಸಿಕೊಳ್ಳಿ ಎಂದು ಪ್ಯಾರಿಸ್ಸಿನಲ್ಲಿ ಕೂಗು ಜೋರಾಗಿತ್ತು. ಸೇರಿಸಿಕೊಂಡಿದ್ದರೆ ಬ್ರಿಟನ್ನಿನೊಂದಿಗೆ ಯುದ್ಧವಾಗುತ್ತಿತ್ತು. ಲಂಡನ್ನಿನಲ್ಲಿ ಕೂತು ಬೆಲ್ಜಿಯಂ ಸ್ವತಂತ್ರ, ತಟಸ್ಥ ದೇಶವಾಗುವ ಒಪ್ಪಂದಕ್ಕೆ ಅವನು ದುಡಿದ. ಗಡಿಯೊಳಗೇ ಇರಿ ಎಂದು 1792ರಲ್ಲಿ ಬರೆದದ್ದೂ ಅದೇ ಲಂಡನ್ನಿನಿಂದ.

ಮಂಗಳೂರು ಮನೆ

ತುಂಬ ದಿನದ ಮೇಲೆ ಇಷ್ಟು ಒಳ್ಳೆಯ ಚರ್ಚೆ ಓದಿದೆ. ನಾವು ಮಂಗಳೂರಿನ ಕ್ಯಾಥೊಲಿಕರು, ನನ್ನ ಚಿಕ್ಕಪ್ಪ ಪಾದ್ರಿಯಾಗಿದ್ದವರು. ಟ್ಯಾಲಿರಾಂಡ್ ಸಾವಿನ ವಿಷಯ ನಾನು ಅವರ ಬಾಯಲ್ಲಿ ಕೇಳಿದ್ದು.

ಕ್ರಾಂತಿಯ ಹೊಸ ಚರ್ಚಿನ ಬಿಷಪ್ಪರಿಗೆ 1791ರಲ್ಲಿ ದೀಕ್ಷೆ ಕೊಟ್ಟದ್ದಕ್ಕೆ ಪೋಪ್ ಅವನನ್ನು ಹೊರಗೆ ಹಾಕಿದ್ದರು. 1802ರಲ್ಲಿ ಸಾಮಾನ್ಯ ಗೃಹಸ್ಥನಾಗಿರಲು ಬಿಟ್ಟರು, ಮದುವೆಗೆ ಒಪ್ಪಿಗೆ ಕೊಡಲಿಲ್ಲ. 1838ರ ಮೇ ತಿಂಗಳಲ್ಲಿ ಅವನು ಹಾಸಿಗೆ ಹಿಡಿದಾಗ ದ್ಯುಪಾನ್‌ಲೂ ಎಂಬ ಯುವ ಪಾದ್ರಿ ಹತ್ತಿರವಿದ್ದರು. ತಪ್ಪೊಪ್ಪಿಗೆಯ ಪತ್ರ ಸಿದ್ಧವಿತ್ತು. ಸಹಿ ಹಾಕು ಎಂದರೆ ನಾಳೆ ಬೆಳಿಗ್ಗೆ ಐದರಿಂದ ಆರರ ಒಳಗೆ ಎಂದ. ಎಲ್ಲಿ ಅಷ್ಟರೊಳಗೆ ಜೀವ ಹೋಗುತ್ತದೋ ಎಂದು ಮನೆಮಂದಿಗೆ ಆತಂಕ. ಮೇ 17ರ ಬೆಳಗಿನ ಜಾವ, ಹೇಳಿದ ಹೊತ್ತಿಗೇ, ತನ್ನ ಪೂರ್ತಿ ಹೆಸರು ಬರೆದು ಸಹಿ ಮಾಡಿದ. ಅರಸ ಲೂಯಿ ಫಿಲಿಪ್ ನೋಡಲು ಬಂದುಹೋದ.

ಆಮೇಲೆ ಕೊನೆಯ ಅಭ್ಯಂಗ. ನಮ್ಮಲ್ಲಿ ಕಾಯಿಲೆಯವರ ಅಂಗೈಗೆ ಪವಿತ್ರ ಎಣ್ಣೆ ಹಚ್ಚುತ್ತಾರೆ. ಪಾದ್ರಿಗಳಿಗೆ ಮಾತ್ರ ಹಾಗಲ್ಲ, ಅವರ ಅಂಗೈಗೆ ದೀಕ್ಷೆಯ ದಿನವೇ ಎಣ್ಣೆ ಹಚ್ಚಿ ಆಗಿರುತ್ತದೆ, ಅದಕ್ಕೆ ಮುಂಗೈಗೆ, ಅಂದರೆ ಅಂಗೈಯ ಹಿಂಬದಿಗೆ, ಹಚ್ಚುವುದು ಹಿಂದಿನ ಕ್ರಮ. ಚಿಕ್ಕಪ್ಪನಿಗೂ ಹಾಗೇ ಮಾಡಿದ್ದನ್ನು ನಾನು ಮಂಚದ ಪಕ್ಕ ನಿಂತು ನೋಡಿದ್ದೇನೆ. ಆ ಪಾದ್ರಿ ಎಣ್ಣೆ ಹಿಡಿದು ಹತ್ತಿರ ಬಂದಾಗ ಟ್ಯಾಲಿರಾಂಡ್ ಎರಡೂ ಮುಷ್ಟಿ ಮುಚ್ಚಿ, ಕೈ ಮಗುಚಿ, ಮುಂಗೈ ಚಾಚಿದ. ನಾನು ಬಿಷಪ್ ಎನ್ನುವುದನ್ನು ಮರೆಯಬೇಡಿ ಎಂದ. ಆ ಪಟ್ಟ ಬಿಟ್ಟು 47 ವರ್ಷವಾಗಿತ್ತು.